ಜೊತೆ ತಪ್ಪಿದ ಕೊಡಲಿ

ಚಿನ್ಮಯ, ಭೂಮಿಕಾ,

ಮೊನ್ನೆ ನೀವು ಅಟ್ಟದಿಂದ ಇಳಿಸಿದ ಕೊಡಲಿಯ ಮರದ ಕಾವಿನಲ್ಲಿ ಇನ್ನೂ ಹರಳೆಣ್ಣೆಯ ಕಮಟು ವಾಸನೆ ಇತ್ತು. ಚಿನ್ಮಯ ಅದನ್ನೆತ್ತಿ ಬೀಸಲು ಹೋದಾಗ ನಾನು ಕಿರುಚಿದೆ. ಯಾಕಜ್ಜಿ ಎಂದಿರಿ. ಎದುರು ಕೂತು ಹೇಳಲು ನನಗೆ ಮೊದಲಿನಿಂದಲೂ ಬಾಯಿ ಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಆ ಕೊಡಲಿ ನಮ್ಮದಲ್ಲ. ಬೈರಮಂಗಲದ ಹತ್ತಿರ ನಾವಿದ್ದಾಗ ಪಕ್ಕದ ಮನೆಯಲ್ಲಿದ್ದ, ನಾವು ಮಾವ ಎಂದು ಕರೆಯುತ್ತಿದ್ದವರದು. ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ಮರ ಕಡಿದು ಕೊಡುವುದು ಅವರ ಕೆಲಸ. ವಯಸ್ಸಿನಲ್ಲಿ ರಾಮನಗರದ ಗರಡಿಯಲ್ಲಿ ಸಾಮು ಮಾಡಿದವರು. ನಮ್ಮೂರಿನಲ್ಲಿ ತಿರುಗಿಸಲು ಮರದ ಗದೆಗಳಿರಲಿಲ್ಲ. ಕೈಗೊಂದು ಕೊಡಲಿ ಹಿಡಿದು, ಬೆಳಗಾದರೆ ಅಂಗಳದಲ್ಲಿ ಅವನ್ನೇ ತಿರುಗಿಸುತ್ತಿದ್ದರು. ಭುಜದ ಮೇಲಿಂದ ಬೆನ್ನ ಹಿಂದೆ ಇಳಿದು, ಪಕ್ಕದಿಂದ ಸುತ್ತಿ ಮತ್ತೆ ಮುಂದಕ್ಕೆ... ಗಾಳಿ ಗುಂಯ್ ಎನ್ನುತ್ತಿತ್ತು. ನಿಮ್ಮ ತಾತನಿಗೂ ಕಲಿಸಿದರು.

"ತೋಳಲ್ಲಿ ಎತ್ಬ್ಯಾಡ ಕಣ್ಲಾ, ಅದೇನು ಮಂಕ್ರಿ ಸಗಣಿಯೇನ್ಲಾ? ಭಾರ ತಾನೇ ತಿರುಗ್ತದೆ, ನೀನು ದಾರಿ ಬುಡು" ಎನ್ನುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಸಂಜೆಯೇ ಎರಡೂ ಕೊಡಲಿಗಳನ್ನು ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿ ತಲೆ ಮುಳುಗುವಂತೆ ನೆನೆಹಾಕಬೇಕಿತ್ತು. ನೀರು ಕುಡಿದು ಕಾವು ಉಬ್ಬಿದರೆ ಅಲಗು ಬಿಗಿಯಾಗಿ ಕೂರುತ್ತದೆ. ಆ ಕೆಲಸ ಅತ್ತೆಯದು, ಅಂದರೆ ಮಾವನ ಹೆಂಡತಿಯದು.

ಆ ಬೇಸಿಗೆಯಲ್ಲಿ ಅವರ ಎಮ್ಮೆ ಈದಿತ್ತು. ಈದ ಎಮ್ಮೆಯ ಬಾನಿಗೆ ಕೆಲವು ದಿನ ಕಬ್ಬಿಣ ತಾಗಿಸಬಾರದೆಂಬುದು ಅತ್ತೆಯ ತವರಿನ ಪದ್ಧತಿ. ಬೇರೆ ಪಾತ್ರೆಯಲ್ಲಿ ಹಾಕೋಣವೆಂದರೆ ಇದ್ದ ನೀರು ಎಮ್ಮೆಗೇ ಸಾಲದು. ಕೊಡಲಿಗಳನ್ನು ಗೋಡೆಗೆ ಒರಗಿಸಿಬಿಟ್ಟರು. ಮಾವ ಮರದ ಗಾಡಿಯೊಡನೆ ಚನ್ನಪಟ್ಟಣಕ್ಕೆ ಹೋಗಿದ್ದವರು ಬಂದ ಬೆಳಿಗ್ಗೆಯೇ ಅವನ್ನು ಕೈಗೆತ್ತಿಕೊಂಡರು.

"ಕಾವು ಒಣಗೈತೆ, ಇವತ್ತೊಂದಿನ ಸುಮ್ಕಿರಿ" ಎಂದರು ಅತ್ತೆ.

"ಒಂದಿನ ಬುಟ್ರೆ ತೋಳು ಮುನಿಸ್ಕತದೆ ಕಣಮ್ಮಿ, ನಿನ್ನಂಗೇಯ."

"ಮುನಿಸ್ಕಂಡ್ರೆ ಒಸಿ ಗಿಣ್ಣು ತಿನ್ಸಿ" ಎಂದು ನಗುತ್ತಾ, ನನಗೆಂದು ತಂದಿದ್ದ ಗಿಣ್ಣಿನ ತಟ್ಟೆ ಹಿಡಿದು ಅತ್ತೆ ನಮ್ಮ ಬಾಗಿಲಿನತ್ತ ತಿರುಗಿದರು. ಹಿಂದೆ ಮಾವ ತಿರುಗಿಸತೊಡಗಿದ್ದ ಕೊಡಲಿಯ ಅಲಗು ಕಳಚಿ ಹಾರಿದ್ದು ನನಗೆ ಕಾಣಲಿಲ್ಲ. ತಟ್ಟೆ ಬಿದ್ದ ಸದ್ದಷ್ಟೇ ಕೇಳಿಸಿತು... ರಾಮನಗರದ ಆಸ್ಪತ್ರೆ ಮುಟ್ಟುವ ಮೊದಲೇ ಅತ್ತೆ ಹೋದರು.

ತಿಥಿಯ ದಿನ ಯಾರೋ, "ಆಚಾರ ಮಾಡೋಕೋಗಿ ಅವ್ಳೇ ಜೀವ ಕಳ್ಕಂಡ್ಲು" ಎಂದರು. ಎಲೆಯ ಮುಂದೆ ಕೂತಿದ್ದ ಮಾವ ಎದ್ದು ನಿಂತರು.

"ತಿರುಗಿಸ್ಬ್ಯಾಡಿ ಅಂದ್ಲು ಅವ್ಳು. ತಿರುಗಿಸ್ದೋನು ನಾನು."

ಮತ್ತೆ ಕೂರಲಿಲ್ಲ, ಉಣ್ಣಲಿಲ್ಲ.

ಹಾರಿದ ಅಲಗನ್ನು ಪೊಲೀಸರು ಒಯ್ದರು. ಅದು ಹಿಂದಕ್ಕೆ ಬರಲಿಲ್ಲ. ಉಳಿದ ಕೊಡಲಿಯನ್ನು ಮಾವ ತಿರುಗಿಸಲಿಲ್ಲ, ಅದರಿಂದ ಮರವನ್ನೂ ಕಡಿಯಲಿಲ್ಲ. ಆದರೆ ಸಂಜೆಯಾದರೆ ಬಾನಿಯಲ್ಲಿ ನೆನೆಹಾಕುತ್ತಿದ್ದರು, ಎಮ್ಮೆ ಮಾರಿದ ಮೇಲೂ. ಬೆಳಿಗ್ಗೆ ತೆಗೆದು ಒರೆಸಿ, ಕಾವಿಗೆ ಹರಳೆಣ್ಣೆ ಹಚ್ಚಿ ಗೋಡೆಗೆ ಒರಗಿಸಿ ಸುಮ್ಮನೆ ಕೂರುತ್ತಿದ್ದರು. ಅಷ್ಟಗಲದ ಭುಜ ನಮ್ಮ ಕಣ್ಣೆದುರೇ ಇಳಿದುಹೋಯಿತು. ಹಾಸಿಗೆ ಹಿಡಿದಾಗ ಕೊಡಲಿಯನ್ನು ನಿಮ್ಮ ತಾತನಿಗೆ ಕೊಟ್ಟು, "ಒಣಗಾಕ್ ಬುಡ್ಬ್ಯಾಡ ಕಣ್ಲಾ" ಎಂದರು. ತಾತ ಇರುವವರೆಗೂ ಒಣಗಲು ಬಿಡಲಿಲ್ಲ. ಅವರು ಹೋದ ಮೇಲೆ ಅದು ಅಟ್ಟ ಸೇರಿತು.

ಆ ಮೂವರೂ ಈಗಿಲ್ಲ. ಆ ಬೆಳಗನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ. ಚಿನ್ಮಯ, ನೀನು ಎತ್ತಿದಾಗ ಕಾವಿನಲ್ಲಿ ಅಲಗು ಸಡಿಲಾಗಿ ಲೊಟಗುಟ್ಟಿದ್ದು ನಿನಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಭೂಮಿಕಾ ನಿನ್ನೆದುರಿಗೇ ನಿಂತಿದ್ದಳು.

ಬಚ್ಚಲಿನ ಬಕೆಟ್ಟಿನಲ್ಲಿ ಕೊಡಲಿ ನೆನೆಹಾಕಿದ್ದೇನೆ. ಯಾರೂ ತೆಗೆಯಬೇಡಿ. ಈ ಹಾಳೆಗಳನ್ನು ಮಾತ್ರ ನೀರು ತಾಗದ ಕಡೆ ಜೋಪಾನವಾಗಿಡಿ, ಮಕ್ಕಳೇ.