ಕಲ್ಲಿನ ಮೇಲೆ ಝಾವೊಚಿಂಗ್

ಅಮೆರಿಕದ ವಾಲ್ನಟ್ ಕ್ರೀಕಿನಲ್ಲಿದ್ದ ಮಗಳ ಮನೆಗೆ ಬಂದ ಮೇಲೂ ನಾನು ಚಿಕ್ಕಂದಿನ ಬೋರ್ಡಿಂಗ್ ಶಾಲೆಯ ಶಿಸ್ತು ಬಿಟ್ಟಿರಲಿಲ್ಲ. ಸ್ನಾನ, ಪೂಜೆ, ಕಾಫಿ, ಆಮೇಲೆ ನಡಿಗೆ. ಪಕ್ಕದ ಮನೆಯ ಚೀನೀ ಮುದುಕರೂ ಅದೇ ಹೊತ್ತಿಗೆ ಹೊರಡುತ್ತಿದ್ದರು. ಎಂಬತ್ತರ ದಶಕದ ನಡುವೆ ಅವರ ಹೆಂಡತಿ ತೀರಿಕೊಂಡರು. ಸಮಾಧಿ ಕಲ್ಲಿನ ಮೇಲೆ ಹುಟ್ಟೂರನ್ನೂ ಕೆತ್ತಿಸುವುದು ಅವರಲ್ಲಿ ರೂಢಿ. ಆ ವಿಷಯಕ್ಕೇ ತಂದೆಗೂ ಮಗಳಿಗೂ ಮಾತು ನಿಂತಿತ್ತು.

ಅವರ ಮಗಳು ಬೇಲಿಯ ಹತ್ತಿರ ನನ್ನನ್ನು ತಡೆದಳು. "ಆಂಟಿ, ನೀವಾದ್ರೂ ಹೇಳಿ. ಅಪ್ಪನಿಗೆ ಝಾವೊಚಿಂಗ್ ಜಿಲ್ಲೆ ಅಂತ ಕೆತ್ತಿಸ್ಬೇಕಂತೆ. ಅಮ್ಮನ ಊರು ಈಗ ಬೇರೆ ಜಿಲ್ಲೆಗೆ ಸೇರಿದೆ. ನಾಳೆ ನನ್ನ ಮಕ್ಕಳು ಹುಡುಕ್ಕೊಂಡು ಹೋದ್ರೆ ಸಿಗೋದು ಬೇಡ್ವಾ?"

ನನಗೂ ಅದೇ ಸರಿಯೆನಿಸಿತು. ಭೂಪಟದಲ್ಲಿ ಇರುವುದನ್ನು ತಾನೆ ಬರೆಯಬೇಕು?

ಹೇಳಲು ಹೋದರೆ, ಮುದುಕರು ನನ್ನ ಕೈಗೆ ಒಂದು ನೇರಳೆ ಛಾಯೆಯ ಕಲ್ಲನ್ನಿಟ್ಟರು. ಮಸಿ ತೇಯುವ ಕಲ್ಲು. ಹೆಂಡತಿ ತವರಿನಿಂದ ತಂದದ್ದು. ಇಂಥ ಕಲ್ಲಿಗೆ ಹೆಸರಾದ ಆ ಸೀಮೆಯನ್ನು ಮೊದಲು ದುವಾನ್ ಎನ್ನುತ್ತಿದ್ದರಂತೆ. ಆ ಸೀಮೆಯ ಬಿರುದು ಹೊತ್ತಿದ್ದ ರಾಜಕುಮಾರನೊಬ್ಬ ಚಕ್ರವರ್ತಿಯಾದ. ತನ್ನ ಭಾಗ್ಯ ಅಲ್ಲಿಂದಲೇ ಬಂತೆಂದು ಅದಕ್ಕೆ ದೊಡ್ಡ ಜಿಲ್ಲೆಯ ಪಟ್ಟ ಕೊಟ್ಟು, ಶುಭದ ಆರಂಭ ಎಂಬ ಅರ್ಥ ಬರುವಂತೆ ಝಾವೊಚಿಂಗ್ ಎಂದು ಹೆಸರಿಟ್ಟ. ವಂಶಗಳು ಒಂದೊಂದಾಗಿ ಅಳಿದರೂ ಹೆಸರು ಉಳಿಯಿತು. ಚಕ್ರವರ್ತಿಗಳ ಕಾಲ ಮುಗಿದಾಗ ಹಳೆಯ ಜಿಲ್ಲೆಯನ್ನು ರದ್ದು ಮಾಡಿದರು. ಆ ಹೆಸರಿನ ಪಟ್ಟಣ ಈಗಲೂ ಇದೆ. ಹೆಂಡತಿಯ ಊರು ಮಾತ್ರ ಅದಕ್ಕೆ ಸೇರಿಲ್ಲ.

"ಅವಳು ಹುಟ್ಟಿದಾಗ ಚಕ್ರವರ್ತಿ ಇದ್ದ," ಎಂದರು. "ಬೇರೆ ಹೆಸರು ಬರೆದರೆ ತನ್ನ ಕಲ್ಲು ಯಾವುದು ಅಂತ ಅವಳಿಗೆ ಗೊತ್ತಾಗುತ್ತಾ?"

ಮಸಿಕಲ್ಲನ್ನು ಅವರ ಕೈಗೆ ಕೊಟ್ಟು ವಾಪಸು ಬಂದೆ.

ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಸಂಧ್ಯಾವಂದನೆಗೆ ಕೂತು ಸಂಕಲ್ಪ ಹೇಳುತ್ತಿದ್ದರು: ಜಂಬೂದ್ವೀಪೇ, ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ. ದಿನವೂ ಕೇಳುವುದೇ. ಅಂದು ಮಾತ್ರ ಕಿವಿಗೆ ಬಿತ್ತು.

ಮುಗಿಸಿ ಎದ್ದ ಮೇಲೆ ಕೇಳಿದೆ: "ವಾಲ್ನಟ್ ಕ್ರೀಕಲ್ಲಿ ಕೂತ್ಕೊಂಡು ಗೋದಾವರಿ ದಡ ಅಂತೀರಲ್ರೀ?"

"ದೇವರಿಗೆ ಫ್ರೀವೇ ದಾರಿ ಗೊತ್ತಿಲ್ಲ ಕಣೇ. ಅಪ್ಪ ಹೇಳ್ಕೊಟ್ಟಿದ್ದು ಇದೇ. ಕಾಫಿ ತಾ."

ಇದನ್ನು ಬೇಲಿಯ ಬಳಿ ಮುದುಕರ ಮಗಳಿಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ ಅಪ್ಪನನ್ನು ಹುಡುಕಿಕೊಂಡು ಒಳಗೆ ಹೋದಳು.

ಕಲ್ಲು ನಿಲ್ಲಿಸಿದ ದಿನ ನಮ್ಮನ್ನೂ ಕರೆದುಕೊಂಡು ಹೋದರು. ಎದುರಿಗೆ ಚೀನೀ ಅಕ್ಷರಗಳಲ್ಲಿ ಝಾವೊಚಿಂಗ್. ಹಿಂದುಗಡೆ, ಮೊಮ್ಮಕ್ಕಳಿಗೆಂದು, ಇಂಗ್ಲಿಷಿನಲ್ಲಿ ಈಗಿನ ಜಿಲ್ಲೆ. ಮುದುಕರು ಹಿಂದುಗಡೆ ಹೋಗಲೇ ಇಲ್ಲ. ಎದುರಿಗೆ ಬಗ್ಗಿ ನಿಂತು, ಹೆಂಡತಿಗೆ ಕೇಳುವಂತೆ, ವಿಳಾಸವನ್ನು ನಿಧಾನವಾಗಿ ಓದಿ ಹೇಳಿದರು.