ಹುಣಿಸೆ ದಿಮ್ಮಿಯೊಳಗಿನ ಮೊಳೆ

ಬೆಳಿಗ್ಗೆ ಏಳಕ್ಕೆ ಮಂಡಿ ಮೊಹಲ್ಲಾದ ನಮ್ಮ ಮನೆಯಿಂದ ಜಟಕಾದಲ್ಲಿ ಹೊರಟೆವು, ನಾನು ಮತ್ತು ನನ್ನ ಮಗ, ಅಂದರೆ ನಿಮ್ಮ ಅಪ್ಪ. ನಂಜನಗೂಡಿಗೆ ರೈಲಿನ ಟಿಕೆಟ್ಟು ಮೂರಾಣೆ. ಮೋಡ ಕವಿದಿತ್ತು, ಮಳೆ ಬರಲಿಲ್ಲ. ದೇವರ ದರ್ಶನಕ್ಕೆಂದು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣವನ್ನು ನಿಮ್ಮ ಅಪ್ಪನಿಗೆ ರೈಲಿನಲ್ಲಿ ಹೇಳಿದೆ, ಅದೂ ಕಿಟಕಿಯ ಕಡೆ ಮುಖಮಾಡಿ.

ನಂಜನಗೂಡಿನ ಕಪಿಲಾ ದಂಡೆಯಲ್ಲಿ ನನ್ನ ತಾತ ಕಟ್ಟಿಸಿದ ಮರ ಕೊಯ್ಯುವ ಕಾರ್ಖಾನೆಯಿತ್ತು. ಮಳೆಗಾಲದಲ್ಲಿ ಹೆಗ್ಗಡದೇವನಕೋಟೆ ಕಾಡಿನ ದಿಮ್ಮಿಗಳು ಹೊಳೆಯಲ್ಲೇ ತೇಲಿ ಬರುತ್ತಿದ್ದವು. ಕಾಲುವೆಯ ನೀರು ದೊಡ್ಡ ಚಕ್ರವನ್ನು ತಿರುಗಿಸಿದರೆ, ಅದು ಮದರಾಸಿನಿಂದ ತಂದ ದುಂಡು ಗರಗಸವನ್ನು ತಿರುಗಿಸುತ್ತಿತ್ತು. ಗರಗಸ ಮರ ಕಚ್ಚಿದಾಗ ಪಕ್ಕದಲ್ಲೇ ಇದ್ದ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಝಣಗುಟ್ಟುತ್ತಿದ್ದವು. ತೇಗದ ಪುಡಿಯ ಆ ವಾಸನೆ ಈಗಲೂ ಮೂಗಿನಲ್ಲಿದೆ. ಗರಗಸ ನೋಡಿಕೊಳ್ಳುತ್ತಿದ್ದವನು ಮೈಸೂರಿನ ಕ್ರೈಸ್ತರ ಪೈಕಿ ಚೌರಪ್ಪ. ನನಗೆ ಚೌರಪ್ಪಣ್ಣ.

ನನಗೆ ಏಳು ವರ್ಷವಿದ್ದಾಗ ಬಿಡದ ಜ್ವರ ಬಂತು. ನನ್ನ ಅಜ್ಜಿ ಮಂತ್ರದವನನ್ನು ಕರೆಸಿ, ನನ್ನ ಕೂದಲು ಸುತ್ತಿದ ಮೊಳೆಯನ್ನು ಬದುವಿನ ಹುಣಿಸೆ ಮರಕ್ಕೆ ಹೊಡೆಸಿದರು. ಯಾರಿಗಾದರೂ ಹೇಳಿದರೆ ಜ್ವರ ಮರಳುತ್ತದೆ ಎಂದರು. ನಾಲ್ಕು ವರ್ಷದ ಮೇಲೆ ಗಾಣದವರು ಹುಣಿಸೆ ದಿಮ್ಮಿ ಕೇಳಿದಾಗ ನನ್ನ ಅಪ್ಪ ಅದೇ ಮರ ಕಡಿಸಿದರು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮೊಳೆಯ ಮೇಲೆ ತೊಗಟೆ ಬೆಳೆದು ಮುಚ್ಚಿತ್ತು. ದಿಮ್ಮಿಯನ್ನು ಗರಗಸಕ್ಕೆ ಕೊಡುವಾಗ ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮೊಳೆಗೆ ತಗುಲಿ ಗರಗಸ ಸೀಳಿಹೋಯಿತು. ನೋಡದೆ ಕೊಯ್ದನೆಂದು ಅಪ್ಪ ಚೌರಪ್ಪಣ್ಣನನ್ನು ಕೆಲಸದಿಂದ ತೆಗೆದರು. ಹೊಸ ಗರಗಸ ಬರಲೇ ಇಲ್ಲ, ಕಾರ್ಖಾನೆ ನಿಂತಿತು.

ಈಗ ಅವನು ಹಾಸಿಗೆ ಹಿಡಿಯುವ ಸ್ಥಿತಿಯಲ್ಲಿದ್ದಾನೆಂದು ಸುದ್ದಿ ಬಂದಿತ್ತು. ಅದಕ್ಕೇ ಈ ಪ್ರಯಾಣ.

ಹೊಳೆಯ ದಂಡೆಯಲ್ಲಿ ಎರಡು ಕಲ್ಲುಗೋಡೆ ಉಳಿದಿವೆ. ಚಕ್ರವಿದ್ದ ಹಳ್ಳದಲ್ಲಿ ಜೊಂಡು ಬೆಳೆದು, ಎಮ್ಮೆಗಳು ಮಲಗಿದ್ದವು. ಅಲ್ಲೇ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು.

ಚೌರಪ್ಪಣ್ಣ ಮನೆಯ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಹೆಸರು ಹೇಳಿದ ಮೇಲೆ ಗುರುತು ಹಿಡಿದ. ನೆಲ ನೋಡುತ್ತಾ ಎಲ್ಲವನ್ನೂ ಹೇಳಿದೆ.

"ಈ ಬೀದೀಲಿ ನನ್ನ ಹೆಸ್ರೇ ಮೊಳೆ ಚೌರಪ್ಪ ಕಣವ್ವ," ಎಂದ. "ಸಿಟ್ಟು ಬಂದ್ರೆ ನನ್ನ ಹೆಂಡ್ತೀನೂ ಅಂಗೇ ಕರೀತಾಳೆ."

ಕ್ಷಮಿಸು ಎಂದೆ.

"ಅದು ಆಮೇಲೆ. ಮೊದ್ಲು ಅವಳಿಗೆ ಹೇಳು. ಕಿವಿ ಮಂದ, ಗಟ್ಟಿಯಾಗಿ ಹೇಳ್ಬುಡು. ನಾಳೆ ಜ್ವರ ಬಂದ್ರೆ ಮಾತ್ರ ನನ್ನ ಬೈಬೇಡ."

ನಿಮ್ಮ ಈ ಅಜ್ಜಿ, ಅಂದರೆ ನಾನು, ಅಂಗಡಿಯವನ ಹತ್ತಿರವೂ ದನಿಯೆತ್ತಿ ಮಾತಾಡಿದವಳಲ್ಲ. ಒಳಗಿಂದ ಬಂದ ಅವನ ಹೆಂಡತಿ ಮರಿಯಮ್ಮನ ಎದುರು ನಿಂತು ಮೊದಲಿಂದ ಹೇಳಿದೆ. ಅವಳು ಕಿವಿಗೆ ಕೈ ಹಿಡಿದಳು. ಇನ್ನೂ ಜೋರಾಗಿ ಹೇಳಿದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಂಡವು. ನಿಮ್ಮ ಅಪ್ಪ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ.

"ಅಂಗಾದ್ರೆ ಇವ್ನು ನೋಡ್ದೆ ಕೊಯ್ದಿಲ್ವಾ?" ಎಂದಳು ಮರಿಯಮ್ಮ.

"ನೋಡಿದ್ದ, ಕಾಣ್ಲಿಲ್ಲ! ಮೊಳೆ ಇರೋದು ಗೊತ್ತಿದ್ದೋಳು ನಾನು!" ಎಂದು ಕೂಗಿದೆ.

ಅವಳು ಗಂಡನ ಕಡೆ ತಿರುಗಿ, ಜಾರಿದ್ದ ಕಂಬಳಿಯನ್ನು ಅವನ ಹೆಗಲಿಗೆ ಎಳೆದು ಹೊದಿಸಿದಳು. ಆಮೇಲೆ ನಮಗೆ ಮಜ್ಜಿಗೆ ತಂದಳು.

ಸಾಯಂಕಾಲದ ರೈಲಿಗೆ ಹೊರಟೆವು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಜಗಲಿಯ ಮುಂದೆ ನಾಲ್ಕಾರು ಹೆಂಗಸರು ಸೇರಿದ್ದರು. ಮರಿಯಮ್ಮ ಕೈಯಾಡಿಸುತ್ತಾ ಅವರಿಗೆ ಹೇಳುತ್ತಿದ್ದಳು. ಚೌರಪ್ಪಣ್ಣ ಪಕ್ಕದಲ್ಲಿ ನೆಟ್ಟಗೆ ಕೂತು, ಒಂದು ಮಾತೂ ಬಿಡದೆ ಕೇಳುತ್ತಿದ್ದ.