ಕುಂಟೆತ್ತಿನ ಕ್ಲೈಮ್ಯಾಕ್ಸು

ನನ್ನ ಕಥೆಯ ಎತ್ತಿಗೆ ಒಂದು ಕಾಲು ಕುಂಟು. ಕಥೆ ಶುರುವಾಗುವಾಗ ಕುಂಟು, ಮುಗಿಯುವಾಗಲೂ ಕುಂಟು. ಇಷ್ಟು ಸರಳವಾದ ಮಾತನ್ನು ಸಿನಿಮಾ ಮಾಡುವವರ ತಲೆಗೆ ಇಳಿಸಲು ಹೋದ ವರ್ಷವೆಲ್ಲ ಗುದ್ದಾಡಿದೆ. ಗುದ್ದಾಟ ಮುಗಿಯಿತೆಂದು ಈಗಲೂ ಹೇಳಲಾರೆ. ಸೋತಿಲ್ಲ ಎಂದು ಮಾತ್ರ ಹೇಳಬಲ್ಲೆ.

ನಾನು ಬನಹಟ್ಟಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಸಣ್ಣವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಮೊಣಕಾಲ ಮೇಲೆ ಕೈ ಊರಿ, ದೇಹವನ್ನು ಒಂದು ಬದಿಗೆ ಎಸೆದು ನಡೆಯುತ್ತೇನೆ. ದೂರದಿಂದ ನೋಡಿದವರಿಗೆ ಈಕೆ ಪ್ರತಿ ಹೆಜ್ಜೆಗೂ ಯಾರಿಗೋ ಬಗ್ಗಿ ನಮಸ್ಕಾರ ಮಾಡುತ್ತಾಳೆ ಅನ್ನಿಸಬಹುದು. ನಾನು ಅಷ್ಟು ಸುಲಭವಾಗಿ ನಮಸ್ಕಾರ ಮಾಡುವ ಪೈಕಿ ಅಲ್ಲ. ಮಕ್ಕಳಿಗೆ ಕಥೆ ಬರೆಯುವ ಚಟವೊಂದಿದೆ. ಪತ್ರಿಕೆಯ ಮಕ್ಕಳ ಪುಟದಲ್ಲಿ ಅಚ್ಚಾದ ಅಂಥ ಒಂದು ಕಥೆಯಿಂದಲೇ ಇಷ್ಟೆಲ್ಲ ಆಯಿತು.

ಆ ಕಥೆ ನನ್ನ ತವರು ಹುನ್ನೂರಿನದು. ಮುಂಗಾರು ಶುರುವಾಗುವ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಎರೆಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಮರುದಿನ ಆ ಎತ್ತುಗಳು ಮಕ್ಕಳ ಪಾಲು. ನಾವು ಅವುಗಳನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದೆವು. ನಮ್ಮ ಎತ್ತಿನಲ್ಲೊಂದು ಕುಂಟಾಗಿದೆ, ಜೋಳ ನೀಡಿ ಎಂದು ಬಾಗಿಲಲ್ಲಿ ನಿಂತು ಕೇಳಬೇಕು. ಬಂದ ಕಾಳನ್ನೆಲ್ಲ ಕೂಡಿಸಿ ಊರ ಹೊರಗೆ ಅಡುಗೆ ಮಾಡಿ ಉಣ್ಣಬೇಕು. ಎಲ್ಲ ಎತ್ತುಗಳೂ ಗಟ್ಟಿಯಾಗಿದ್ದರೆ ಕೇಳಲು ನೆಪವೇ ಇಲ್ಲವಲ್ಲ, ಅದಕ್ಕೆ ನಾವೇ ಒಂದರ ಕಾಲು ಮುರಿಯುತ್ತಿದ್ದೆವು. ಆ ಕುಂಟೆತ್ತನ್ನು ಹಿಡಿಯಲು ಪೈಪೋಟಿ ನಡೆಯುತ್ತಿತ್ತು. ಬಾಗಿಲು ತೆರೆಯುವ ಹೆಂಗಸರು ಮೊದಲು ನೋಡುವುದು ಅದನ್ನೇ. ಪ್ರತಿ ವರ್ಷ ಅದು ನನ್ನ ಕೈಯಲ್ಲೇ ಇರುತ್ತಿತ್ತು. ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಕಥೆಯಲ್ಲಿ ನಾನು ಮಾಡಿದ್ದು ಇಷ್ಟೇ. ಒಂದು ಊರು. ಆ ಊರಿನ ಮೇಲೆ ಒಬ್ಬ ರಾಕ್ಷಸ ಕುಳಿತಿದ್ದಾನೆ. ಅವನ ಹೆದರಿಕೆಗೆ ಊರಿನ ಎಲ್ಲ ಮನೆಗಳ ಬಾಗಿಲುಗಳೂ ಮುಚ್ಚಿಹೋಗಿವೆ. ಯಾರೂ ಯಾರಿಗೂ ತೆರೆಯುವುದಿಲ್ಲ. ಎಲ್ಲ ಮನೆಗಳಿಂದಲೂ ಒಂದೊಂದು ಹಿಡಿ ಜೋಳ ಬಂದು ಒಂದೇ ಗಡಿಗೆಯಲ್ಲಿ ಬೆಂದರೆ ಮಾತ್ರ ರಾಕ್ಷಸ ಕರಗುತ್ತಾನೆ. ಅಮಾವಾಸ್ಯೆಯ ಕತ್ತಲಲ್ಲಿ ಮಣ್ಣೆತ್ತುಗಳಿಗೆ ಜೀವ ಬರುತ್ತದೆ. ಗಟ್ಟಿಮುಟ್ಟಾದ ಎತ್ತುಗಳು ಮುಂದೆ ಹೋಗಿ ಕೊಂಬಿನಿಂದ ಬಾಗಿಲು ಗುದ್ದುತ್ತವೆ. ಒಳಗಿದ್ದವರು ಇನ್ನಷ್ಟು ಹೆದರಿ ಅಗಳಿ ಬಿಗಿಯುತ್ತಾರೆ. ಕೊನೆಗೆ ಹಿಂದೆ ಉಳಿದ ಕುಂಟೆತ್ತು ಬರುತ್ತದೆ. ಅದರ ಹೆಜ್ಜೆಯ ಸದ್ದು ಎಲ್ಲರಿಗೂ ಗುರುತು. ರಾಕ್ಷಸ ಹಾಗೆ ನಡೆಯುವುದಿಲ್ಲ ಎಂದು ಒಳಗಿನವರಿಗೆ ಗೊತ್ತು. ಬಾಗಿಲು ತೆರೆಯುತ್ತದೆ.

ಇದನ್ನು ಓದಿದ ಧಾರವಾಡದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅವಳು ಆ್ಯನಿಮೇಷನ್ ಕಲಿತವಳು, ನಿರ್ದೇಶಕಿ. ಬೆಂಗಳೂರಿನ ಒಂದು ಕಂಪನಿ ಅವಳಿಂದ ಮಕ್ಕಳ ಸಿನಿಮಾ ಮಾಡಿಸಲು ಒಪ್ಪಿತ್ತು. ಬನಹಟ್ಟಿಗೆ ಬಂದು ನಮ್ಮ ಮನೆಯಲ್ಲಿ ರೊಟ್ಟಿ ಉಂಡಳು, ಎರೆಮಣ್ಣು ಕೇಳಿ ಇಸಿದುಕೊಂಡಳು. ಹೊರಡುವಾಗ ಬಹಳ ಸಂಕೋಚದಿಂದ, ಎತ್ತಿನ ನಡಿಗೆ ಚಿತ್ರಿಸಲು ನೀವು ನಡೆಯುವುದನ್ನು ಚಿತ್ರೀಕರಿಸಿಕೊಳ್ಳಲೇ ಎಂದು ಕೇಳಿದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ನಡಿಗೆಯನ್ನು ಜನ ಕದ್ದು ನೋಡಿದ್ದುಂಟು, ಅಣಕಿಸಿದ್ದುಂಟು, ನೋಡಿಯೂ ನೋಡದಂತೆ ನಟಿಸಿದ್ದುಂಟು. ಎದುರಿಗೆ ನಿಂತು ಕೇಳಿದವಳು ಇವಳೊಬ್ಬಳೇ. ಶಾಲೆಯ ಪಡಸಾಲೆಯ ಉದ್ದಕ್ಕೂ ಅವಳ ಕ್ಯಾಮೆರಾದ ಮುಂದೆ ನಡೆದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಜಂಬದಿಂದಲೇ ನಡೆದೆ.

ಆಮೇಲೆ ಬಂದವನು ಕಥೆ ತಿದ್ದುವವನು. ಕಂಪನಿ ಕಳಿಸಿದ ಈ ತರುಣ ಕೆಟ್ಟವನೇನಲ್ಲ. ನಯವಾಗಿ ಮಾತಾಡುವವನು, ಕೆಲಸದ ಮೇಲೆ ಪ್ರೀತಿ ಇದ್ದವನು. ಜಮಖಂಡಿಯ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದು ಅದರ ಗೋಡೆಗೆಲ್ಲ ಬಣ್ಣಬಣ್ಣದ ಚೀಟಿ ಅಂಟಿಸಿದ್ದ. ನಾನು ಶನಿವಾರ ಶಾಲೆ ಬಿಟ್ಟಮೇಲೆ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ, ನಿರ್ದೇಶಕಿಯೂ ಬರುತ್ತಿದ್ದಳು. ಸಾಹಸದ ಕಥೆಗೊಂದು ಕಟ್ಟು ಇರುತ್ತದೆ ಎಂದು ಅವನು ವಿವರಿಸಿದ. ನಾಯಕನಿಗೆ ಒಂದು ಕೊರತೆ. ಅದನ್ನು ಹೊತ್ತು ಅವನು ಮನೆ ಬಿಡುತ್ತಾನೆ. ದಾರಿಯಲ್ಲಿ ಗುರು ಸಿಗುತ್ತಾನೆ, ಶತ್ರು ಸಿಗುತ್ತಾನೆ, ಎಲ್ಲ ಮುಗಿಯಿತು ಅನ್ನುವ ಗಳಿಗೆ ಬರುತ್ತದೆ. ಮೂರನೇ ಅಂಕದಲ್ಲಿ ಕೊರತೆ ನೀಗಿ ಅವನು ಬೇರೆಯೇ ಆಗಿ ನಿಲ್ಲುತ್ತಾನೆ. ಆ ಕೊನೆಯ ಜಾಗಕ್ಕೆ ಅವನು ಹಳದಿ ಚೀಟಿ ಅಂಟಿಸಿದ್ದ. ಅದರಲ್ಲಿ ಹೀಗೆ ಬರೆದಿತ್ತು: ಕುಂಟೆತ್ತು ಮಾಯದ ಹೊಳೆಯಲ್ಲಿ ಮುಳುಗುತ್ತದೆ, ಕಾಲು ನೆಟ್ಟಗಾಗುತ್ತದೆ, ಮಿಂಚಿನಂತೆ ಓಡಿ ಬಂದು ರಾಕ್ಷಸನನ್ನು ಕೆಡವುತ್ತದೆ.

ಮಣ್ಣಿನ ಎತ್ತನ್ನು ಹೊಳೆಯಲ್ಲಿ ಮುಳುಗಿಸಿದರೆ ಕಾಲು ಬರುವುದಿಲ್ಲ, ಇದ್ದ ಮೂರೂ ಹೋಗುತ್ತವೆ ಎಂದೆ. ನಿರ್ದೇಶಕಿ ನಕ್ಕುಬಿಟ್ಟಳು. ಅವನೂ ನಕ್ಕ, ಆದರೆ ಚೀಟಿ ಕೀಳಲಿಲ್ಲ. ಹೊಳೆ ಬೇಡವಾದರೆ ಸಿಡಿಲು ಇರಲಿ, ಅಜ್ಜಿಯ ಹರಕೆ ಇರಲಿ, ದಾರಿ ಯಾವುದಾದರೂ ಆದೀತು, ಕಾಲು ಮಾತ್ರ ಸರಿಯಾಗಬೇಕು ಎಂದ. ಇಲ್ಲದಿದ್ದರೆ ನಾಯಕ ಬದಲಾಗುವುದೇ ಇಲ್ಲ, ನಾಯಕ ಬದಲಾಗದಿದ್ದರೆ ಅದು ಕಥೆಯೇ ಅಲ್ಲ. ನನಗೆ ರೇಗಿತು. ಬದಲಾಗುವುದು ಎತ್ತಲ್ಲ, ಬಾಗಿಲುಗಳು ಎಂದೆ. ಮುಚ್ಚಿದ ಬಾಗಿಲು ತೆರೆಯುತ್ತದೆ, ಒಂದಾದ ಮೇಲೊಂದು ತೆರೆಯುತ್ತದೆ, ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೇನು ಬೇಕು? ಕುಂಟು ಅದರ ಕೊರತೆ ಎಂದು ನಿಮಗೆ ಹೇಳಿದವರು ಯಾರು? ಆ ಕಾಲಿನಿಂದಲೇ ಕಥೆ ಮುಂದೆ ಸಾಗುತ್ತಿದೆ, ಅದನ್ನು ರಿಪೇರಿ ಮಾಡಿದರೆ ಕಥೆ ಅಲ್ಲೇ ನಿಲ್ಲುತ್ತದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ನೀವು ಭಾವುಕರಾಗಿದ್ದೀರಿ ಮೇಡಂ ಎಂದ.

ಹೌದು, ಭಾವುಕಳಾಗಿದ್ದೆ. ಅವನ ಹಳದಿ ಚೀಟಿಯ ಕಥೆಯಲ್ಲಿ ನಾನು ಬದುಕಿ ಬಂದಿದ್ದೇನೆ. ನನ್ನ ಅವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ಎಣ್ಣೆ ತಿಕ್ಕುವವರ ಹತ್ತಿರ ಹೋದಳು, ತಾಯಿತ ಕಟ್ಟುವವರ ಹತ್ತಿರ ಹೋದಳು. ಗುರುಗಳು ಸಿಕ್ಕರು, ಕಷ್ಟಗಳೂ ಸಿಕ್ಕವು, ಕಟ್ಟಿನ ಪ್ರಕಾರವೇ ಎಲ್ಲ ನಡೆಯಿತು. ಆಮೇಲೊಮ್ಮೆ ಸೂರ್ಯಗ್ರಹಣ ಬಂತು. ಗ್ರಹಣದ ಹೊತ್ತಿನಲ್ಲಿ ಇಂಥ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದರೆ ಕಾಲಿಗೆ ಬಲ ಬರುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಹೊಲದಲ್ಲಿ ತಗ್ಗು ತೆಗೆದು ನನ್ನನ್ನು ನಿಲ್ಲಿಸಿ ಮಣ್ಣು ಮುಚ್ಚಿದರು. ಅವ್ವ ಗ್ರಹಣ ಬಿಡುವವರೆಗೂ ನನ್ನ ತಲೆಯ ಪಕ್ಕ ಕುಳಿತು ನೊಣ ಹೊಡೆಯುತ್ತಿದ್ದಳು. ಆಮೇಲೆ ಎತ್ತಿ, ಮೈ ತೊಳೆದು, ನಡಿ ಯವ್ವಾ ಎಂದಳು. ಓಣಿಯ ಮಂದಿಯೆಲ್ಲ ನಿಂತು ನೋಡುತ್ತಿತ್ತು. ನಾನು ನಡೆದೆ. ಮೊದಲು ಹೇಗೆ ನಡೆಯುತ್ತಿದ್ದೆನೋ ಹಾಗೆಯೇ ನಡೆದೆ. ಸೋತಿದ್ದು ಗ್ರಹಣ, ಸೋತಿದ್ದು ಮಣ್ಣು. ಆದರೆ ಆ ಮಂದಿ ನಾನೇ ಸೋತೆನೆಂಬಂತೆ ನನ್ನನ್ನು ನೋಡಿ ಲೊಚಗುಟ್ಟಿತು. ಅವ್ವ ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಲೊಚಗುಟ್ಟುವಿಕೆಯ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ.

ಇದನ್ನು ಆ ಕೋಣೆಯಲ್ಲಿ ಹೇಳಿದೆ. ಕೇಳಿದ ಮೇಲೆ ಕಥೆ ತಿದ್ದುವವನು ಮೆಲ್ಲಗೆ, ಮಣ್ಣಿನಲ್ಲಿ ಹೂಳುವ ದೃಶ್ಯ ತುಂಬ ಶಕ್ತಿಯುತವಾಗಿದೆ, ಹೊಳೆಯ ಬದಲು ಅದನ್ನೇ ಬಳಸಬಹುದೇ ಎಂದು ಕೇಳಿದ. ನಾನು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.

ಕೆಲವು ತಿಂಗಳಾದ ಮೇಲೆ ನಿರ್ದೇಶಕಿಯೇ ಸಂಧಾನಕ್ಕೆ ಬಂದಳು. ಗೆರೆಚಿತ್ರಗಳಲ್ಲೇ ಇಡೀ ಸಿನಿಮಾದ ಕಚ್ಚಾ ರೂಪ ಸಿದ್ಧವಾಗಿದೆ, ನಿಮ್ಮ ಶಾಲೆಯ ಮಕ್ಕಳಿಗೇ ತೋರಿಸೋಣ, ಅವರೇ ಹೇಳಲಿ ಎಂದಳು. ಒಪ್ಪಿದೆ. ಗೆಲ್ಲುತ್ತೇನೆಂಬ ಭರವಸೆ ನನಗಿತ್ತು. ಕಿಟಕಿ ಮುಚ್ಚಿದರೂ ಓಣಿಯ ಮಗ್ಗಗಳ ಸದ್ದು ಒಳಗೆ ಬರುತ್ತಿತ್ತು. ಮಕ್ಕಳು ನೆಲದ ಮೇಲೆ ಒತ್ತೊತ್ತಾಗಿ ಕುಳಿತಿದ್ದರು. ಪರದೆಯ ಮೇಲೆ ಕುಂಟೆತ್ತು ಮೊದಲ ಹೆಜ್ಜೆ ಇಟ್ಟಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ನನ್ನನ್ನೇ ನೋಡಿ, "ಅಕ್ಕೋರ, ಅದು ನಿಮ್ಮಂಗ ನಡ್ಯಾಕತ್ತೈತಿ" ಎಂದಳು. ಎಲ್ಲರೂ ನಕ್ಕರು. ಸಂತೋಷದ ನಗೆ ಅದು. ನನ್ನ ನಡಿಗೆಯನ್ನು ಹೊರಗಿನಿಂದ ನಾನು ಅದೇ ಮೊದಲು ನೋಡಿದ್ದು. ಚೆಂದವಿತ್ತು. ಯಾರು ಏನೇ ಅನ್ನಲಿ, ಬಹಳ ಚೆಂದವಿತ್ತು.

ಕೊನೆಗೆ ಹೊಳೆ ಬಂತು. ಎತ್ತು ಮುಳುಗಿ ಎದ್ದಿತು. ಕಾಲು ನೆಟ್ಟಗಾಗಿತ್ತು. ಅದು ಓಡಿತು, ಎಲ್ಲ ಎತ್ತುಗಳೂ ಓಡುವ ಹಾಗೆ ಓಡಿತು, ಅದರ ಮೈಯಲ್ಲಿ ನಾನು ಎಲ್ಲೂ ಇರಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ನಾನೇ ಅಕ್ಷರ ಕಲಿಸಿದ ಮಕ್ಕಳು, ನನ್ನ ಕುಂಟೆತ್ತಿನ ಕಥೆಯನ್ನು ನನ್ನ ಬಾಯಿಂದಲೇ ಕೇಳಿದ ಮಕ್ಕಳು, ಎದ್ದು ನಿಂತು ಚಪ್ಪಾಳೆ ಹೊಡೆದರು. ನಿರ್ದೇಶಕಿಯ ಜೊತೆ ಬಂದಿದ್ದ ಕಥೆ ತಿದ್ದುವವನು ನನ್ನತ್ತ ನೋಡಿದ. ಪಾಪ, ಗೆದ್ದ ಮುಖವೇನೂ ಅವನದಾಗಿರಲಿಲ್ಲ. ನನಗೆ ಅಳು ಬಂತು, ಅಳಲಿಲ್ಲ.

ಮಕ್ಕಳು ಹೊರಗೆ ಹೋದ ಮೇಲೆ ಅವನಿಗೆ ನೇರವಾಗಿ ಹೇಳಿದೆ. "ಮಕ್ಕಳ ಚಪ್ಪಾಳಿ ಖರೇನ ಐತ್ರಿ. ಅವತ್ತ ನನ್ನ ಕಾಲು ನೆಟ್ಟಗಾಗಿದ್ರ ನಮ್ಮ ಓಣಿ ಮಂದೀನೂ ಹೊಡೀತಿತ್ತು. ಕಾಲು ನೆಟ್ಟಗಾಗಲಾರದ ಕೂಸು ಒಂದು ಸಿನಿಮಾ ನೋಡೋ ಮಂದ್ಯಾಗ ಕುಂತಿರತೈತಿ, ಅದಕ್ಕ ನೀವು ಏನ್ ಹೇಳವ್ರು? ನಿನ್ನ ಮೂರನೇ ಅಂಕ ಇನ್ನೂ ಬಂದಿಲ್ಲ, ಕಾಯ್ಕೊಂತ ಕುಂಡ್ರು ಅಂತೀರೇನು?"

ನಾನು ಇನ್ನೂ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಕಾಲು ನೆಟ್ಟಗಾಗುವುದಾದರೆ ಕಥೆಯೂ ಸಿಗುವುದಿಲ್ಲ, ನಡಿಗೆಯೂ ಸಿಗುವುದಿಲ್ಲ ಎಂದೆ. ಸಹೋದ್ಯೋಗಿಗಳು ನನ್ನನ್ನು ಬೈದರು. ಸಿನಿಮಾದಲ್ಲಿ ಹೆಸರು ಬರುವುದನ್ನು ಯಾರಾದರೂ ಕಾಲಿನಿಂದ ಒದೆಯುತ್ತಾರೆಯೇ ಎಂದರು. ಒದೆಯಲು ನನ್ನ ಹತ್ತಿರ ಒಂದೇ ಕಾಲು ಇರುವುದು, ಅದಕ್ಕೇ ನೋಡಿ ಒದೆಯುತ್ತೇನೆ ಎಂದೆ.

ಮಳೆಗಾಲ ಕಳೆದ ಮೇಲೆ ನಿರ್ದೇಶಕಿ ಫೋನ್ ಮಾಡಿದಳು. ಕಂಪನಿಯವರು ಕೊನೆಯ ಓಟವನ್ನು ಬಿಡಲು ತಯಾರಿಲ್ಲ, ಸಾಹಸದ ಸಿನಿಮಾಕ್ಕೆ ಓಟವೇ ಜೀವ, ಓಟವಿಲ್ಲದಿದ್ದರೆ ಸಿನಿಮಾ ನಿಲ್ಲುತ್ತದೆ ಎಂದಳು. ದನಿ ಬಾಡಿತ್ತು. ಅವಳ ವರ್ಷಗಳ ದುಡಿಮೆ ಅದು.

"ಓಡಲಿ, ಬ್ಯಾಡಂದವರ್ಯಾರು? ಕುಂಟಕೋತನ ಓಡಲಿ" ಎಂದೆ.

"ಕುಂಟೆತ್ತು ಹೆಂಗ ಓಡತೈತಿ ಅಂತ ನಮಗ ಯಾರಿಗೂ ಗೊತ್ತಿಲ್ರಿ ಅಕ್ಕೋರ" ಎಂದಳು.

"ನನಗ ಗೊತ್ತೈತಿ. ಕ್ಯಾಮೆರಾ ತಗೊಂಡ ಬಾ ತಂಗಿ."

ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸಿನ ಹಿಂದೆ ಎಷ್ಟು ಸಲ ಓಡಿದ್ದೇನೋ ಲೆಕ್ಕವಿಲ್ಲ. ಕುಂಟುವವರು ಓಡುವುದಿಲ್ಲ ಎಂದು ತಿಳಿದವರು ನಮ್ಮ ಕಡೆಯ ಬಸ್ಸುಗಳನ್ನು ನೋಡಿಲ್ಲ. ನಿರ್ದೇಶಕಿಯೂ ಕಥೆ ತಿದ್ದುವವನೂ ಬಂದ ದಿನ ಶಾಲೆಯ ಮೈದಾನದ ಒಂದು ತುದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಪಡಸಾಲೆಯ ತುಂಬ ಮಕ್ಕಳು, ಮಾಸ್ತರರು. ಓಡತೊಡಗಿದೆ. ಬಲಗಾಲು ನೆಲ ಒದ್ದು ಹಾರುತ್ತದೆ, ಎಡಗಾಲು ಬದಿಯಿಂದ ಸುತ್ತಿ ಬರುತ್ತದೆ, ಭುಜ ಮುಂದೆ ನುಗ್ಗಿ ಅದನ್ನು ಎಳೆದುಕೊಳ್ಳುತ್ತದೆ. ಬೀಳುತ್ತೇನೆಂದು ಎಲ್ಲರೂ ಉಸಿರು ಹಿಡಿದಿದ್ದರು. ಬೀಳಲಿಲ್ಲ. ಆ ತುದಿ ಮುಟ್ಟಿ, ಏದುಸಿರು ಬಿಡುತ್ತ ಮೊಣಕಾಲ ಮೇಲೆ ಕೈಯೂರಿ ನಿಂತೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆ ಓಟಕ್ಕೆ ಏನು ಮಾಡಬೇಕೆಂದು ಅವರಿಗೆ ಯಾವ ಸಿನಿಮಾವೂ ಇನ್ನೂ ಕಲಿಸಿರಲಿಲ್ಲ.

ಕ್ಯಾಮೆರಾದ ಹಿಂದೆ ಮಂಡಿಯೂರಿ ಕುಳಿತಿದ್ದ ಕಥೆ ತಿದ್ದುವವನು ಆಗಷ್ಟೇ ಹಿಡಿದದ್ದನ್ನು ಮತ್ತೆ ಮತ್ತೆ ನೋಡಿದ. ಕಂಪನಿ ಇದನ್ನು ಒಪ್ಪುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ತಲೆ ಎತ್ತಿ ನನ್ನನ್ನು ನೋಡಿದ.

"ಇನ್ನೊಂದು ಸಲ ಓಡ್ತೀರಾ ಮೇಡಂ? ಧೂಳಿನಲ್ಲಿ ಎಡಗಾಲು ಸರಿಯಾಗಿ ಕಾಣಿಸ್ಲಿಲ್ಲ. ಅದೇ ಕಾಣಬೇಕು."

ನಾನು ಸೆರಗು ಬಿಗಿದುಕೊಂಡು ಓಟ ಶುರುಮಾಡಿದ ತುದಿಗೆ ವಾಪಸು ನಡೆದೆ.